ಗಡೀಪಾರು ತಡೆಯೋಕೆ ಹೈಕೋರ್ಟ್ ರಿಟ್: ಬೆಂಗಳೂರಲ್ಲಿ ಈ ದಾರಿ ಎಲ್ಲೀವರೆಗೆ ಕೈಹಿಡಿಯುತ್ತೆ?

ಮೊದಲೇ ಅಂಕ ಹೇಳಿಬಿಡ್ತೀವಿ. ಸಮಯ ಕೊಡಿಸೋದರಲ್ಲಿ ಐದಕ್ಕೆ ನಾಲ್ಕು. ಅಧಿಕಾರಿಗಳ ಕೈಲಿ ಕಾರಣ ಬರೆಸೋದರಲ್ಲಿ ಮೂರು. ಈ ದೇಶದಲ್ಲಿ ನೆಲೆ ಕೊಡಿಸೋದರಲ್ಲಿ ಒಂದು, ಅದೂ ಕೃಪಾಂಕ ಸೇರಿ.

ಇಲ್ಲಿ ತೂಗಿ ನೋಡ್ತಿರೋದು ಸಂವಿಧಾನದ 226ನೇ ವಿಧಿಯಡಿ ಕರ್ನಾಟಕ ಹೈಕೋರ್ಟಿಗೆ ಹಾಕೋ ರಿಟ್ ಅರ್ಜಿಯನ್ನ, ಅಂದ್ರೆ ಸರ್ಕಾರದ ಕ್ರಮವನ್ನ ನೇರ ಹೈಕೋರ್ಟಲ್ಲೇ ಪ್ರಶ್ನಿಸೋ ಅರ್ಜಿಯನ್ನ. ಊರಿಗೆ ವಾಪಸ್ ಹೋದರೆ ಜೈಲು, ಚಿತ್ರಹಿಂಸೆ, ಇಲ್ಲಾ ಸಾವು ಅಂತ ಹೆದರಿ ಬೆಂಗಳೂರಲ್ಲಿ ಉಳಿದ ವಿದೇಶಿಗೆ, ಆಶ್ರಯದ ಅರ್ಜಿ ತಿರಸ್ಕಾರ ಆದಮೇಲೆ ಕೋರ್ಟಿನ ಕಡೆ ಉಳಿಯೋ ಬಾಗಿಲು ಬಹುಮಟ್ಟಿಗೆ ಇದೊಂದೇ. ಈ ಕೆಲಸಕ್ಕೆ ಹೊಸಬರಾದ ವಕೀಲರು, ಕಾನೂನು ನೆರವಿನ ಪ್ಯಾನೆಲ್‌ನಲ್ಲಿರೋರು, ಇಂಥವರ ಪರವಾಗಿ ಕಚೇರಿ ಕಚೇರಿ ಅಲೆಯೋ ಸಂಸ್ಥೆಗಳ ಹುಡುಗರು, ವಿದೇಶಿ ವಿದ್ಯಾರ್ಥಿಗಳ ಉಸ್ತುವಾರಿ ಹೊತ್ತ ಕಾಲೇಜಿನವರು ಓದ್ತಾರೆ ಅಂದ್ಕೊಂಡು ಬರೆದಿದ್ದು.

ಈ ದಾರಿ ಮೊದಲು ಕೈಕೊಡೋದು ಕೋರ್ಟ್ ಹಾಲ್‌ನಲ್ಲಲ್ಲ. ಯಾವ ತಿರಸ್ಕಾರವನ್ನ ಪ್ರಶ್ನೆ ಮಾಡ್ತಿದ್ದೀವಿ ಅನ್ನೋ ಗೊಂದಲದಲ್ಲೇ ಅರ್ಧ ಅರ್ಜಿಗಳು ಮುಗ್ಗರಿಸ್ತಾವೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೂ 1967ರ ಪ್ರೋಟೋಕಾಲಿಗೂ ಸೇರಿಲ್ಲ. ಆಶ್ರಯಕ್ಕೆ ಅಂತಲೇ ಒಂದು ಕಾಯ್ದೆ ಇಲ್ಲಿಲ್ಲ. 1946ರ ಫಾರಿನರ್ಸ್ ಆ್ಯಕ್ಟ್ ರದ್ದಾಗಿ 2025ರ ಸೆಪ್ಟೆಂಬರ್ 1ರಿಂದ ಇಮಿಗ್ರೇಷನ್ ಅಂಡ್ ಫಾರಿನರ್ಸ್ ಆ್ಯಕ್ಟ್ ಜಾರಿಗೆ ಬಂತಲ್ಲ, ಅದರಲ್ಲೂ 'ನಿರಾಶ್ರಿತ' ಅನ್ನೋ ವರ್ಗ ಇಲ್ಲ. ವಿದೇಶಿ ಅಂದ್ರೆ ವಿದೇಶಿ, ಅಷ್ಟೇ. ಹೀಗಾಗಿ ಇಲ್ಲಿ ಸಿಗೋ ತಿರಸ್ಕಾರ ಎರಡು ಬಗೆ. ಒಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಕೊಡೋದು. ಇನ್ನೊಂದು ಸರ್ಕಾರದ ಎಫ್‌ಆರ್‌ಆರ್‌ಒ, ಅಂದ್ರೆ ವಿದೇಶಿಯರ ನೋಂದಣಿ ಕಚೇರಿ ಕೊಡೋದು.

ಯುಎನ್‌ಎಚ್‌ಸಿಆರ್ ತೀರ್ಮಾನವನ್ನ ಹೈಕೋರ್ಟ್ ಮುಟ್ಟಲ್ಲ. ವಿಶ್ವಸಂಸ್ಥೆಗೆ 1947ರ ಕಾಯ್ದೆಯಡಿ ವಿನಾಯಿತಿ ಇದೆ. ಅದನ್ನ ಪ್ರತಿವಾದಿ ಮಾಡಿ ಅರ್ಜಿ ಹಾಕಿದರೆ ಆಫೀಸ್ ಅಬ್ಜೆಕ್ಷನ್‌ನಲ್ಲೇ, ಅಂದ್ರೆ ಕೋರ್ಟ್ ಕಚೇರಿ ಎತ್ತೋ ತಕರಾರಲ್ಲೇ, ದಿನ ಕಳೆಯುತ್ತೆ. ಅಲ್ಲಿಯ ತಿರಸ್ಕಾರಕ್ಕೆ ಅಲ್ಲೇ ಮೇಲ್ಮನವಿ: ಪತ್ರ ಕೈಗೆ ಸಿಕ್ಕ 30 ದಿನದೊಳಗೆ. ಮೊದಲು ತೀರ್ಮಾನ ಕೊಟ್ಟ ಅಧಿಕಾರಿ ಬಿಟ್ಟು ಬೇರೊಬ್ಬರು ಅದನ್ನ ನೋಡ್ತಾರೆ. ಕಚೇರಿ ಇರೋದು ದೆಹಲಿಯಲ್ಲಿ, ಚೆನ್ನೈಯಲ್ಲಿ, ಬೆಂಗಳೂರಲ್ಲಿ ಇಲ್ಲ. ಹಾಗಾಗಿ ಮನೆ ಬದಲಾಯಿಸಿದಾಗ, ಸಿಮ್ ಬದಲಾಯಿಸಿದಾಗ ತಿಳಿಸದೇ ಇದ್ದರೆ ಆ 30 ದಿನ ಗೊತ್ತಿಲ್ಲದ ಹಾಗೇ ಕಳೆದುಹೋಗುತ್ತೆ. ಇನ್ನೊಂದು ಮಾಮೂಲಿ ತಪ್ಪು, ಮೇಲ್ಮನವಿಯಲ್ಲಿ ಮೊದಲು ಹೇಳಿದ ಕಥೆಯನ್ನೇ ಇನ್ನಷ್ಟು ಕಣ್ಣೀರು ಸೇರಿಸಿ ಬರೆಯೋದು. ತಿರಸ್ಕಾರದ ಪತ್ರದಲ್ಲಿ ಯಾವ ಮಾತನ್ನ ನಂಬಿಲ್ಲ ಅಂತ ಸೂಚನೆ ಇರುತ್ತೋ ಆ ಮಾತಿಗೇ ಉತ್ತರ ಬೇಕು. 'ಊರು ಬಿಟ್ಟ ತಿಂಗಳು ಎರಡು ಸಲ ಬೇರೆ ಬೇರೆ ಹೇಳಿದ್ದೀರಿ' ಅಂದಿದ್ದರೆ, ಯಾಕೆ ಹಾಗಾಯ್ತು ಅನ್ನೋದನ್ನ ಮೊದಲ ಪ್ಯಾರಾದಲ್ಲೇ ಹೇಳಬೇಕು. ಮೇಲ್ಮನವಿಯೂ ಹೋದಮೇಲೆ ಹೊಸ ಸಂಗತಿ ಬಂದರೆ, ಉದಾಹರಣೆಗೆ ಊರಲ್ಲಿ ಸರ್ಕಾರ ಬದಲಾದರೆ, ಮನೆಯವರ ಬಂಧನ ಆದರೆ, ಮುಚ್ಚಿದ ಫೈಲ್ ತೆರೆಯಿರಿ ಅಂತ ಕೇಳಬಹುದು.

ಯುಎನ್‌ಎಚ್‌ಸಿಆರ್ ಕೊಡೋ ಗುರುತಿನ ಕಾರ್ಡ್ ಬಗ್ಗೆ ಒಂದು ಮಾತು. ಅದು ವೀಸಾ ಅಲ್ಲ, ಇಲ್ಲಿ ವಾಸಕ್ಕೆ ಪರವಾನಗಿಯೂ ಅಲ್ಲ. ಆದರೆ ರಿಟ್ ಅರ್ಜಿಯಲ್ಲಿ ಅದಕ್ಕಿಂತ ಒಳ್ಳೆ ಸಾಕ್ಷಿ ಸಿಗೋದು ಕಷ್ಟ. ಕಾರ್ಡ್ ಇಲ್ಲದೆ ಬರೀ ಕಥೆ ಹಿಡ್ಕೊಂಡು ಹೋದವರಿಗೂ ಕಾರ್ಡ್ ತೋರಿಸಿದವರಿಗೂ ಮೊದಲ ದಿನ ಸಿಗೋ ಆದೇಶದಲ್ಲಿ ಅಜಗಜಾಂತರ.

ಈಗ ಕೋರ್ಟ್ ಮುಟ್ಟೋ ತಿರಸ್ಕಾರಕ್ಕೆ ಬರೋಣ. ಬೆಂಗಳೂರಿನ ಎಫ್‌ಆರ್‌ಆರ್‌ಒ ಇರೋದು ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿ, ಕೆ.ಎಚ್. ರಸ್ತೆ ಕಡೆ, ಐದನೇ ಮಹಡಿ. 2018ರಿಂದ ವೀಸಾ ಕೆಲಸ ಬಹುತೇಕ ಇ-ಎಫ್‌ಆರ್‌ಆರ್‌ಒ ಮೂಲಕ ಆನ್‌ಲೈನ್. ಆ ವ್ಯವಸ್ಥೆ ವಿದ್ಯಾರ್ಥಿ ವೀಸಾ ವಿಸ್ತರಣೆಗೆ, ವಿಳಾಸ ಬದಲಾವಣೆಗೆ, ಎಕ್ಸಿಟ್ ಪರ್ಮಿಟ್‌ಗೆ (ದೇಶ ಬಿಡೋ ಅನುಮತಿ) ಹೇಳಿ ಮಾಡಿಸಿದ ಹಾಗಿದೆ. 'ವಾಪಸ್ ಕಳಿಸಿದರೆ ಸಾಯಿಸ್ತಾರೆ' ಅನ್ನೋ ಮಾತಿಗೆ ಆನ್‌ಲೈನ್ ಫಾರಂನ ಖಾನೆಗಳು ಸಾಲಲ್ಲ. ಅದನ್ನ ಪ್ರತ್ಯೇಕ ಮನವಿಯಾಗಿ, ಕಾಗದದ ಮೇಲೆ ಕೊಡಬೇಕು.

ಯಾಕೆ ಅಂದ್ರೆ ಗೃಹ ಸಚಿವಾಲಯದ್ದೇ ಒಂದು ಎಸ್‌ಒಪಿ, ಅಂದ್ರೆ ಅಧಿಕಾರಿಗಳು ಅನುಸರಿಸಬೇಕಾದ ಲಿಖಿತ ಕ್ರಮ, ಇದೆ. 2011ರ ಡಿಸೆಂಬರ್ 29ರಂದು ಹೊರಟಿದ್ದು, 2019ರಲ್ಲಿ ತಿದ್ದಿದ್ದು. ತಾನು ನಿರಾಶ್ರಿತ ಅಂತ ಹೇಳ್ಕೊಳ್ಳೋ ವಿದೇಶಿಯನ್ನ ಹೇಗೆ ನಡೆಸ್ಕೋಬೇಕು ಅಂತ ಅದು ಹೇಳುತ್ತೆ. ಜನಾಂಗ, ಧರ್ಮ, ಲಿಂಗ, ರಾಷ್ಟ್ರೀಯತೆ, ಬುಡಕಟ್ಟಿನ ಗುರುತು, ಯಾವುದೋ ಸಾಮಾಜಿಕ ಗುಂಪಿಗೆ ಸೇರಿದ್ದು, ರಾಜಕೀಯ ಅಭಿಪ್ರಾಯ, ಇವುಗಳಿಂದಾಗಿ ಕಿರುಕುಳದ ಭಯ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಭದ್ರತಾ ಪರಿಶೀಲನೆ ಮಾಡಿ ದೀರ್ಘಾವಧಿ ವೀಸಾಕ್ಕೆ ಶಿಫಾರಸು ಮಾಡಬೇಕು. ವಕೀಲರ ಬಾಯಲ್ಲಿ ಇದು ಎಲ್‌ಟಿವಿ. ಅದು ಸಿಕ್ಕವರು ಖಾಸಗಿ ಕೆಲಸ ಮಾಡಬಹುದು, ಓದಬಹುದು. ನಿಜ ಅನ್ನಿಸದಿದ್ದರೆ ಗಡೀಪಾರಿನ ಕ್ರಮ. ಆರು ತಿಂಗಳಲ್ಲಿ ಕಳಿಸೋಕೆ ಆಗದಿದ್ದರೆ ಬೆರಳಚ್ಚು, ಸ್ಥಳೀಯ ಜಾಮೀನುದಾರ, ತಿಂಗಳಿಗೊಮ್ಮೆ ಠಾಣೆಗೆ ಹಾಜರಿ ಅನ್ನೋ ಷರತ್ತಿನ ಮೇಲೆ ಬಿಡುಗಡೆಗೆ ಅವಕಾಶ. ಕೇಂದ್ರ ಸರ್ಕಾರ ತಾನೇ ಬರೆದಿಟ್ಟ ಕ್ರಮ ಇದು. ರಿಟ್‌ಗೆ ಇದಕ್ಕಿಂತ ಗಟ್ಟಿ ಬುನಾದಿ ಬೇರೆ ಇಲ್ಲ.

ಇಡೀ ಬರಹದಲ್ಲಿ ನೆನಪಿಟ್ಕೋಬೇಕಾದ ಮಾತು ಯಾವುದು ಅಂದ್ರೆ ಇದೇ: ಬರೆದ ಆದೇಶ ಇಲ್ಲದೆ ಹೈಕೋರ್ಟಿಗೆ ಪರಿಶೀಲಿಸೋಕೆ ಏನೂ ಸಿಗಲ್ಲ. ಇಲ್ಲಿ ತಿರಸ್ಕಾರ ಬಹಳ ಸಲ ಬಾಯಿಮಾತು. 'ಟಿಕೆಟ್ ಮಾಡಿಸ್ಕೊಂಡು ಬನ್ನಿ' ಅನ್ನೋದಷ್ಟೇ ಉತ್ತರ. ಇಲ್ಲಾ ಎರಡು ಸಾಲಿನ ಲೀವ್ ಇಂಡಿಯಾ ನೋಟಿಸ್, ಅದರಲ್ಲಿ ತಾರೀಖು ಇರುತ್ತೆ, ಕಾರಣ ಇರಲ್ಲ. ಆದ್ದರಿಂದ ಕೋರ್ಟಿಗೆ ಹೋಗೋ ಮುಂಚೆ ಮಾಡೋ ಕೆಲಸವೇ ಅರ್ಧ ಕೇಸು.

ಮನವಿ ಮೂರು ಪುಟ ದಾಟಬಾರದು. ಮೊದಲ ಪುಟದಲ್ಲಿ ಹೆಸರು, ದೇಶ, ಬಂದ ದಿನ, ಬಂದ ವೀಸಾ, ಅದು ಮುಗಿದ ದಿನ. ಎರಡನೇ ಪುಟದಲ್ಲಿ ವಾಪಸ್ ಹೋದರೆ ಯಾರಿಂದ, ಯಾಕೆ, ಏನು ಆಗುತ್ತೆ; ಪೊಲೀಸರೋ, ಸೈನ್ಯವೋ, ಒಂದು ಪಂಗಡವೋ ಅಂತ ಬಿಡಿಸಿ. ಮೂರನೇದರಲ್ಲಿ ಏನು ಬೇಕು: ಎಸ್‌ಒಪಿ ಪ್ರಕಾರ ಹೇಳಿಕೆ ದಾಖಲಿಸಿ, ಭಾಷೆ ಬಲ್ಲ ದುಭಾಷಿ ಕೊಡಿ, ಕಾರಣ ಬರೆದು ಆದೇಶ ಕೊಡಿ, ಅಲ್ಲೀವರೆಗೆ ಕಳಿಸಬೇಡಿ. ಒಂದು ಪ್ರತಿ ಎಫ್‌ಆರ್‌ಆರ್‌ಒ ಟಪಾಲಿನಲ್ಲಿ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸ್ಕೊಳ್ಳಿ. ಸೀಲು ಹಾಕಲ್ಲ ಅಂದರೆ ಜಗಳ ಬೇಡ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ, ಅದೇ ದಿನ ಇ-ಮೇಲ್ ಕೂಡ ಹಾಕಿ. ಇನ್ನೊಂದು ಪ್ರತಿ ದೆಹಲಿಯ ಗೃಹ ಸಚಿವಾಲಯದ ವಿದೇಶಿಯರ ವಿಭಾಗಕ್ಕೆ. 'ಕೇಳಿದ್ವಿ, ಕೊಡಲಿಲ್ಲ' ಅಂತ ತೋರಿಸದೆ ಮ್ಯಾಂಡಮಸ್, ಅಂದ್ರೆ 'ಮಾಡಬೇಕಾದ ಕೆಲಸ ಮಾಡಿ' ಅಂತ ಅಧಿಕಾರಿಗೆ ಕೋರ್ಟ್ ಕೊಡೋ ಆಜ್ಞೆ, ಸಿಗಲ್ಲ. ಆ ಕೇಳಿದ್ದಕ್ಕೆ ಪುರಾವೆಯೇ ಈ ರಸೀದಿ.

ಇದಕ್ಕೆ ಒಂದು ಅಪವಾದ ಇದೆ. ಆಸಾಮಿಯನ್ನ ಈಗಾಗಲೇ ಹಿಡಿದಿದ್ದಾರೆ, ಟಿಕೆಟ್ ಆಗಿದೆ ಅಂದರೆ ಮನವಿ ಕೊಟ್ಟು ಎರಡು ವಾರ ಕಾಯೋ ಮಾತೇ ಇಲ್ಲ. ಬೆಳಗ್ಗೆ ಇ-ಮೇಲ್, ಮಧ್ಯಾಹ್ನ ಫೈಲಿಂಗ್, ತುರ್ತಾಗಿ ವಿಚಾರಣೆಗೆ ತಗೊಳ್ಳಿ ಅಂತ ಕೋರ್ಟಿಗೆ ಮೆಮೊ.

ಅರ್ಜಿಯಲ್ಲಿ ಏನು ಕೇಳಬೇಕು ಅನ್ನೋದರಲ್ಲೇ ಸೋಲು ಗೆಲುವು ನಿರ್ಧಾರ ಆಗುತ್ತೆ. 'ಅರ್ಜಿದಾರನಿಗೆ ಭಾರತದಲ್ಲಿ ವಾಸಿಸಲು ಅವಕಾಶ ಕೊಡಬೇಕು' ಅಂತ ಬರೆದರೆ ಎದುರಿನವರು ಎರಡೇ ತೀರ್ಪು ಓದಿ ಕೂತ್ಕೋತಾರೆ. 1955ರ ಹಾನ್ಸ್ ಮುಲ್ಲರ್ ಕೇಸು: ವಿದೇಶಿಯನ್ನ ಹೊರಹಾಕೋ ವಿಷಯದಲ್ಲಿ ಸರ್ಕಾರದ ವಿವೇಚನೆಗೆ ಮಿತಿ ಇಲ್ಲ. 1991ರ ಲೂಯಿ ಡಿ ರೇಟ್ ಕೇಸು: ವಿದೇಶಿಗೆ 21ನೇ ವಿಧಿಯ ಜೀವದ ಹಕ್ಕು ಇದೆ, ಆದರೆ ಇಲ್ಲಿ ನೆಲೆಸೋ ಹಕ್ಕು 19ನೇ ವಿಧಿಯದ್ದು, ಅದು ಪ್ರಜೆಗಳಿಗೆ ಮಾತ್ರ. ಈ ಗೋಡೆಗೆ ತಲೆ ಗುದ್ದಿ ಪ್ರಯೋಜನ ಇಲ್ಲ.

ಬದಲಿಗೆ ಹೀಗೆ ಕೇಳಿ. ಒಂದು, ಇಂಥ ತಾರೀಖಿನ ಮನವಿಯನ್ನ ಎಸ್‌ಒಪಿ ಪ್ರಕಾರ ಇಷ್ಟು ವಾರದೊಳಗೆ ವಿಚಾರಿಸಿ ಕಾರಣ ಸಹಿತ ಆದೇಶ ಕೊಡಿ. ಎರಡು, ಅರ್ಜಿದಾರನ ಹೇಳಿಕೆ ಅವನ ಭಾಷೆಯಲ್ಲಿ ಪಡೆಯಿರಿ. ಮೂರು, ಆದೇಶ ಅವನ ವಿರುದ್ಧ ಬಂದರೆ ಪ್ರತಿ ಕೈಗೆ ಕೊಟ್ಟ ಎರಡು ವಾರದವರೆಗೆ ಕಳಿಸಬೇಡಿ. ನಾಲ್ಕು, ಆಶ್ರಯ ಕೇಳಿದ ಸಂಗತಿಯನ್ನ ಅವನ ದೇಶದ ರಾಯಭಾರ ಕಚೇರಿಗೆ ತಿಳಿಸಬೇಡಿ. ಮೂರನೇದನ್ನ ಮರೆತವರು ಗೆದ್ದೂ ಸೋಲ್ತಾರೆ: ಆದೇಶ ಶುಕ್ರವಾರ ಸಂಜೆ ಬರುತ್ತೆ, ಕೋರ್ಟ್ ತೆರೆಯೋದು ಸೋಮವಾರ.

ನಾಲ್ಕನೇದನ್ನ ಬಹಳ ಜನ ಬರೆಯೋದೇ ಇಲ್ಲ. ಪಾಸ್‌ಪೋರ್ಟ್ ಇಲ್ಲದವರನ್ನ ಕಳಿಸಬೇಕಾದರೆ ತುರ್ತು ಪ್ರಯಾಣ ಪತ್ರ ಬೇಕು. ಅದನ್ನ ಕೊಡೋದು ಆ ದೇಶದ ರಾಯಭಾರ ಕಚೇರಿ. ರಾಷ್ಟ್ರೀಯತೆ ಪರಿಶೀಲನೆಗೆ ಅಂತ ಅವನ ಹೆಸರು, ಫೋಟೋ, ಊರು ಎಲ್ಲ ಅಲ್ಲಿಗೆ ಹೋಗುತ್ತೆ. ಯಾರಿಂದ ಓಡಿ ಬಂದನೋ ಅವರ ಟೇಬಲ್ ಮೇಲೇ ಫೈಲ್ ಹೋಗಿ ಕೂತ ಹಾಗೆ. ಮೊದಲು ಇಲ್ಲದ ಅಪಾಯ ಈ ಒಂದು ಪತ್ರದಿಂದಲೇ ಹುಟ್ಟಬಹುದು. ಹಾಗೇನಾದರೂ ಪತ್ರ ಹೋಗಿದ್ದರೆ ಅದನ್ನೇ ಹೊಸ ಕಾರಣವಾಗಿ ಅರ್ಜಿಯಲ್ಲಿ ಸೇರಿಸಿ.

ತೀರ್ಪುಗಳ ವಿಷಯಕ್ಕೆ ಬಂದರೆ, 'ಜೀವಕ್ಕೆ ಅಪಾಯ ಇರೋ ಕಡೆ ವಾಪಸ್ ಅಟ್ಟಬಾರದು' ಅನ್ನೋ ತತ್ವವನ್ನ, ಅಂದರೆ ನಾನ್-ರಿಫೌಲ್‌ಮೆಂಟ್‌ನ, ಒಪ್ಪಿರೋದು ಹೆಚ್ಚಾಗಿ ಹೈಕೋರ್ಟುಗಳು. 1998ರಲ್ಲಿ ಗುಜರಾತ್ ಹೈಕೋರ್ಟ್ ಕೆಟೇರ್ ಅಬ್ಬಾಸ್ ಕೇಸಿನಲ್ಲಿ, ಇರಾಕಿನವರ ವಿಷಯದಲ್ಲಿ, ಈ ತತ್ವ 21ನೇ ವಿಧಿಯೊಳಗೇ ಇದೆ ಅಂದಿತು, ದೇಶದ ಭದ್ರತೆಗೆ ಧಕ್ಕೆ ಇರಬಾರದು ಅನ್ನೋ ಷರತ್ತಿನೊಂದಿಗೆ. 2015ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಡಾಂಗ್ ಲಿಯಾನ್ ಖಾಮ್ ಕೇಸಿನಲ್ಲಿ, ಕಳಿಸೋ ಮುಂಚೆ ಎಫ್‌ಆರ್‌ಆರ್‌ಒ ಅವರ ಮಾತು ಕೇಳಬೇಕು, ಯುಎನ್‌ಎಚ್‌ಸಿಆರ್ ಜೊತೆ ಬೇರೆ ದೇಶದ ಸಾಧ್ಯತೆ ವಿಚಾರಿಸಬೇಕು ಅಂತ ಹೇಳಿತು. 2021ರ ಮೇ 3ರಂದು ಮಣಿಪುರ ಹೈಕೋರ್ಟ್ ಮ್ಯಾನ್ಮಾರ್‌ನಿಂದ ಬಂದ ಏಳು ಜನರಿಗೆ ದೆಹಲಿಯ ಯುಎನ್‌ಎಚ್‌ಸಿಆರ್‌ವರೆಗೆ ಸುರಕ್ಷಿತ ಪ್ರಯಾಣ ಕೊಡಿಸಿತು. ಇವೆಲ್ಲ ನಮ್ಮ ಹೈಕೋರ್ಟಿಗೆ ಮನವೊಲಿಸೋ ತೀರ್ಪುಗಳಷ್ಟೇ, ಪಾಲಿಸಲೇಬೇಕು ಅಂತಿಲ್ಲ.

ಪಾಲಿಸಲೇಬೇಕಾದದ್ದು 2021ರ ಏಪ್ರಿಲ್ 8ರ ಸುಪ್ರೀಂ ಕೋರ್ಟ್ ಆದೇಶ, ಮೊಹಮ್ಮದ್ ಸಲೀಮುಲ್ಲಾ ಕೇಸಿನದು. ರೋಹಿಂಗ್ಯಾಗಳ ಗಡೀಪಾರಿಗೆ ತಡೆ ಕೊಡಲಿಲ್ಲ. ಗಡೀಪಾರಾಗದೇ ಇರೋ ಹಕ್ಕು ನೆಲೆಸೋ ಹಕ್ಕಿಗೆ ಅಂಟಿಕೊಂಡಿದ್ದು ಅಂತಲೂ ಹೇಳಿತು. ಸರ್ಕಾರದ ವಕೀಲರು ಇದನ್ನ ತಪ್ಪದೇ ತರ್ತಾರೆ. ಅಂಜೋದು ಬೇಡ. ಅದೇ ಆದೇಶದ ಕೊನೆಯಲ್ಲಿ, ನಿಗದಿತ ಕ್ರಮ ಪಾಲಿಸದೆ ಗಡೀಪಾರು ಮಾಡಬಾರದು ಅಂತ ಇದೆ. ಆ ಸಾಲನ್ನೇ ಹಿಡಿದು 'ನಿಗದಿತ ಕ್ರಮ ಅಂದರೆ ಯಾವುದು? ಎಸ್‌ಒಪಿ' ಅಂತ ಕಟ್ಟಿದ ವಾದಕ್ಕೆ ಅಡ್ಡ ಉತ್ತರ ಸುಲಭ ಅಲ್ಲ. ಜೊತೆಗೆ ಸುಪ್ರೀಂ ಕೋರ್ಟಿನ ಎರಡು ಹಳೇ ತೀರ್ಪು ಇಡಿ. ಮೇನಕಾ ಗಾಂಧಿ ಕೇಸು, ಕ್ರಮ ಅಂದರೆ ನ್ಯಾಯವಾದ ಕ್ರಮ ಆಗಿರಬೇಕು ಅನ್ನೋದಕ್ಕೆ. ಮೊಹಿಂದರ್ ಸಿಂಗ್ ಗಿಲ್ ಕೇಸು, ಆದೇಶದಲ್ಲಿ ಬರೆಯದ ಕಾರಣವನ್ನ ಆಮೇಲೆ ಅಫಿಡವಿಟ್‌ನಲ್ಲಿ ತುರುಕೋ ಹಾಗಿಲ್ಲ ಅನ್ನೋದಕ್ಕೆ. ಎರಡು ಸಾಲಿನ ಲೀವ್ ಇಂಡಿಯಾ ನೋಟಿಸ್ ಬೀಳೋದು ಬಹುತೇಕ ಈ ಎರಡನೇ ಏಟಿಗೇ.

ನ್ಯಾಯಪೀಠದ ಮನಸ್ಥಿತಿ ಬಗ್ಗೆ ಕಣ್ಣು ಮುಚ್ಚಿಕೊಳ್ಳೋದೂ ತರವಲ್ಲ. 2025ರ ಮೇ ತಿಂಗಳಲ್ಲಿ ಶ್ರೀಲಂಕಾ ತಮಿಳನೊಬ್ಬನ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 'ಭಾರತ ಧರ್ಮಶಾಲೆ ಅಲ್ಲ' ಅಂತ ಬಾಯಿಬಿಟ್ಟೇ ಹೇಳಿದೆ. ಕರುಣೆಯ ಮೇಲೆ ಕಟ್ಟಿದ ಅರ್ಜಿಗೆ ಈಗ ಕಾಲ ಅಲ್ಲ. ಕ್ರಮದ ಮೇಲೆ ಕಟ್ಟಿದ್ದು ಇನ್ನೂ ನಡೆಯುತ್ತೆ.

ಇನ್ನು ಕಾಗದಪತ್ರ. ಇಲ್ಲಿ ಬೆಂಗಳೂರಿನದೇ ಆದ ಒಂದು ತೊಡಕಿದೆ. ಎಫ್‌ಐಆರ್, ಮಹಜರು, ಸ್ವಇಚ್ಛಾ ಹೇಳಿಕೆ ಎಲ್ಲ ಕನ್ನಡದಲ್ಲಿ ಇರುತ್ತೆ. ಅಫ್ಘಾನಿಸ್ತಾನದ ದರಿ ಭಾಷೆಯೋ, ಎರಿಟ್ರಿಯಾ ಕಡೆಯ ಟಿಗ್ರಿನ್ಯವೋ ಮಾತ್ರ ಬಲ್ಲವನು ಅದರ ಕೆಳಗೆ ಸಹಿ ಮಾಡಿರ್ತಾನೆ. ಅದರಲ್ಲಿ 'ಕೆಲಸ ಹುಡುಕಿಕೊಂಡು ಬಂದೆ' ಅಂತ ಒಂದು ಸಾಲು ಇದ್ದರೆ ಸಾಕು, ಸರ್ಕಾರದ ಆಕ್ಷೇಪಣೆಯಲ್ಲಿ ಅದೇ ಮೊದಲ ಪ್ಯಾರಾ. ಅರ್ಜಿ ಬರೆಯೋ ಮುಂಚೆ ಆ ಕನ್ನಡ ಕಾಗದವನ್ನ ಪದ ಪದವಾಗಿ ಅವನಿಗೆ ಬಿಡಿಸಿ ಹೇಳಿ. ಹೇಳಿಲ್ಲದ್ದು ಬರೆದಿದ್ದರೆ, ಯಾವ ದುಭಾಷಿಯೂ ಇರಲಿಲ್ಲ ಅನ್ನೋದನ್ನ ಅಫಿಡವಿಟ್‌ನಲ್ಲಿ ಹಾಕಿ. ಮತ್ತೆ, ಇಂಗ್ಲಿಷ್ ಅಲ್ಲದ ಪ್ರತಿ ಕಾಗದಕ್ಕೂ ಅನುವಾದ, ಅನುವಾದ ಮಾಡಿದವರ ದೃಢೀಕರಣ ಇಲ್ಲದಿದ್ದರೆ ಅಬ್ಜೆಕ್ಷನ್ ಖಂಡಿತ.

ತಾರೀಖುಗಳ ಗೋಜಲು ಅದಕ್ಕಿಂತ ದೊಡ್ಡದು. ಅಫ್ಘಾನಿಸ್ತಾನದ ತಜ್ಕಿರಾ ಗುರುತಿನ ಚೀಟಿಯಲ್ಲಿ ಹುಟ್ಟಿದ ದಿನದ ಬದಲು '1375ರಲ್ಲಿ 20 ವಯಸ್ಸು' ಅಂತ ಇರಬಹುದು. ಅದು ಸೌರ ಹಿಜರಿ. 621 ಕೂಡಿಸಿದರೆ 1996, ವರ್ಷ ಶುರುವಾಗೋದು ಮಾರ್ಚ್‌ನಲ್ಲಿ ಆದ್ದರಿಂದ ಅದರ ಕೊನೇ ತಿಂಗಳುಗಳು 1997ಕ್ಕೆ ಬೀಳ್ತವೆ. ಇಥಿಯೋಪಿಯಾದ ಪಂಚಾಂಗ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ, 13 ತಿಂಗಳು ಬೇರೆ. ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಅಂತ ಹಾಕೋ ರೂಢಿ ಇದೆ. ಒಂದೇ ಮನೆಯ ಐದು ಜನ ಜನವರಿ 1ಕ್ಕೇ ಹುಟ್ಟಿರೋ ಹಾಗೆ ಕಾಣುತ್ತೆ. ಪಾಸ್‌ಪೋರ್ಟ್‌ನಲ್ಲಿ ಒಂದು, ಯುಎನ್‌ಎಚ್‌ಸಿಆರ್ ಕಾರ್ಡ್‌ನಲ್ಲಿ ಇನ್ನೊಂದು, ಎಫ್‌ಐಆರ್‌ನಲ್ಲಿ ಮತ್ತೊಂದು ಅಂತಾದಾಗ 'ಸುಳ್ಳು ಗುರುತು' ಅನ್ನೋ ಆಪಾದನೆ ಬರೋದು ಇಲ್ಲಿಂದಲೇ. ಹೊಸ ಕಾಯ್ದೆಯಲ್ಲಿ ನಕಲಿ ಪಾಸ್‌ಪೋರ್ಟ್ ಬಳಕೆಗೆ ಕನಿಷ್ಠ ಎರಡು ವರ್ಷ, ಗರಿಷ್ಠ ಏಳು ವರ್ಷ ಜೈಲು, ಹುಡುಗಾಟ ಅಲ್ಲ. ಒಂದು ಹಾಳೆಯಲ್ಲಿ ಎಲ್ಲ ದಾಖಲೆಗಳ ಹೆಸರು, ತಾರೀಖು ಸಾಲಾಗಿ ಬರೆದು, ಎಲ್ಲೆಲ್ಲಿ ವ್ಯತ್ಯಾಸ, ಯಾಕೆ ಅಂತ ನೀವೇ ಮೊದಲು ಹೇಳಿಬಿಡಿ. ಎದುರಿನವರು ಕಂಡುಹಿಡಿದರೆ ಅದು ವಂಚನೆ, ನೀವು ಹೇಳಿದರೆ ವಿವರಣೆ.

ಮುಚ್ಚಿಡೋದು ಇನ್ನೊಂದು ದೊಡ್ಡ ತಪ್ಪು. ಹಳೇ ಕ್ರಿಮಿನಲ್ ಕೇಸು, ಬೇರೆ ಹೈಕೋರ್ಟಿನಲ್ಲಿ ವಜಾ ಆದ ಅರ್ಜಿ, ನಡುವೆ ಒಂದು ಸಲ ಊರಿಗೆ ಹೋಗಿ ಬಂದದ್ದು, ಇವು ಆಕ್ಷೇಪಣೆಯಲ್ಲಿ ಹೊರಬಂದರೆ ಮಧ್ಯಂತರ ಆದೇಶ ಅಂದೇ ಹೋಗುತ್ತೆ. ಊರಿಗೆ ಹೋಗಿ ಬಂದಿದ್ದರೆ ಯಾಕೆ, ಎಷ್ಟು ದಿನ, ಎಲ್ಲಿ ಅಡಗಿದ್ದ ಅನ್ನೋದನ್ನ ಬರೆಯಲೇಬೇಕು.

ಫೈಲಿಂಗ್‌ನಲ್ಲಿ ಹೆಚ್ಚು ಹೇಳೋದಿಲ್ಲ, ಬೇರೆ ರಿಟ್ ಹಾಕಿದವರಿಗೆ ಗೊತ್ತಿರೋದೇ. ಪ್ರತಿವಾದಿಗಳು: ಗೃಹ ಸಚಿವಾಲಯದ ಮೂಲಕ ಭಾರತ ಸರ್ಕಾರ, ಎಫ್‌ಆರ್‌ಆರ್‌ಒ, ರಾಜ್ಯದ ಗೃಹ ಇಲಾಖೆ, ಪೊಲೀಸ್ ಕಮಿಷನರ್, ಸಂಬಂಧಪಟ್ಟ ಠಾಣೆ. ರಾಜ್ಯವನ್ನ ಬಿಟ್ಟರೆ ಮುಗ್ಗರಿಸ್ತೀರಿ, ಯಾಕಂದ್ರೆ ವಿದೇಶಿಯರನ್ನ ಹಿಡಿದಿಡೋ, ಕಳಿಸೋ ಅಧಿಕಾರವನ್ನ ಕೇಂದ್ರ 1958ರಲ್ಲೇ ರಾಜ್ಯಗಳಿಗೂ ವಹಿಸಿದೆ. ಕೇಂದ್ರದ ವಿರುದ್ಧ ತಡೆ ತಂದರೆ ಪೊಲೀಸರು 'ನಮಗೆ ಆದೇಶ ಇಲ್ಲ' ಅಂತಾರೆ. ಪರಪ್ಪನ ಅಗ್ರಹಾರದಲ್ಲಿ ಇರೋರ ವಕಾಲತ್ತಿಗೆ ಜೈಲು ಅಧಿಕಾರಿಯ ದೃಢೀಕರಣ ಬೇಕು. ಅದಕ್ಕೇ ಒಂದು ದಿನ ಇಟ್ಕೊಳ್ಳಿ. ಅರ್ಜಿಯ ಪ್ರತಿಯನ್ನ ಕೇಂದ್ರದ ವಕೀಲರಿಗೂ ಸರ್ಕಾರಿ ವಕೀಲರಿಗೂ ಮುಂಚಿತವಾಗಿ ತಲುಪಿಸಿದರೆ ಮೊದಲ ದಿನವೇ ಮಾತು ಶುರುವಾಗುತ್ತೆ, ಇಲ್ಲದಿದ್ದರೆ ನೋಟಿಸ್ ಆಗಿ ಮುಂದಕ್ಕೆ.

ಮೊದಲ ದಿನ ಪೀಠದಿಂದ ಸಾಮಾನ್ಯವಾಗಿ ಬರೋ ಪ್ರಶ್ನೆ ಮೂರು. ವೀಸಾ ಯಾವಾಗ ಮುಗೀತು? ಕ್ರಿಮಿನಲ್ ಕೇಸು ಇದೆಯಾ? ಪ್ರಶ್ನಿಸ್ತಿರೋ ಆದೇಶ ಎಲ್ಲಿ? ಉತ್ತರಗಳು ಸಿನಾಪ್ಸಿಸ್‌ನ (ಅರ್ಜಿಯ ಸಾರಾಂಶ) ಮೊದಲ ಅರ್ಧ ಪುಟದಲ್ಲೇ ಇರಲಿ. ಕೇಂದ್ರದ ವಕೀಲರು 'ಇನ್‌ಸ್ಟ್ರಕ್ಷನ್ ತಗೊಂಡು ಹೇಳ್ತೀನಿ' ಅಂದಾಗ ಅಡ್ಜರ್ನ್‌ಮೆಂಟ್‌ಗೆ ಸುಮ್ಮನೆ ತಲೆಯಾಡಿಸಬೇಡಿ. 'ಮುಂದಿನ ತಾರೀಖಿನವರೆಗೆ ಕಳಿಸಲ್ಲ ಅನ್ನೋ ಮಾತನ್ನ ದಾಖಲಿಸಿ' ಅಂತ ಕೇಳಿ. ತಡೆಯಾಜ್ಞೆ ಕೊಡೋಕೆ ಹಿಂದೆಮುಂದೆ ನೋಡೋ ಪೀಠವೂ ಈ ಮಾತು ದಾಖಲಿಸೋಕೆ ಅಷ್ಟಾಗಿ ತಕರಾರು ಮಾಡಲ್ಲ. ಕೆಲಸ ಎರಡೂ ಒಂದೇ ಮಾಡುತ್ತೆ.

ಬಂಧನದಲ್ಲಿ ಇದ್ದವರಿಗೆ ಹೇಬಿಯಸ್ ಕಾರ್ಪಸ್, ಅಂದ್ರೆ ಹಿಡಿದಿಟ್ಟವರನ್ನ ಕೋರ್ಟ್ ಮುಂದೆ ತನ್ನಿ ಅಂತ ಕೇಳೋ ಅರ್ಜಿ, ಹಾಕೋ ಆಸೆ ಎಲ್ಲರಿಗೂ ಬರುತ್ತೆ. ಇಬ್ಬರು ನ್ಯಾಯಮೂರ್ತಿಗಳ ಪೀಠ, ಬೇಗ ಬರುತ್ತೆ ಅಂತ. ಆದರೆ ಒಂದು ಆದೇಶದ ಮೇಲೆ ಹಿಡಿದಿಟ್ಟಿದ್ದರೆ ಪೀಠ 'ಆ ಆದೇಶವನ್ನ ಪ್ರಶ್ನಿಸಿ' ಅಂತ ವಾಪಸ್ ಕಳಿಸೋದೇ ಹೆಚ್ಚು. ಯಾವ ಕಾಗದವೂ ಇಲ್ಲದೆ ಇಟ್ಟಿದ್ದರೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸದಿದ್ದರೆ ಮಾತ್ರ ಅದು ಸರಿಯಾದ ಆಯುಧ. 2020ರ ಮೇ ತಿಂಗಳಲ್ಲಿ ನಮ್ಮ ಹೈಕೋರ್ಟ್ ಬಾಬುಲ್ ಖಾನ್ ಕೇಸಿನಲ್ಲಿ ಇಂಥ ವಿದೇಶಿಯರ ಬಂಧನ, ಜಾಮೀನು, ಡಿಟೆನ್ಶನ್ ಸೆಂಟರ್ ಬಗ್ಗೆ ಉದ್ದನೆಯ ಮಾರ್ಗಸೂಚಿ ಕೊಟ್ಟಿದೆ. ಜಾಮೀನು ಸಿಕ್ಕಿತು ಅಂತ ಮನೆಗೆ ಹೋಗೋ ಹಾಗಿಲ್ಲ; ನೆಲಮಂಗಲ ಕಡೆಯ ಸೊಂಡೆಕೊಪ್ಪದ ಕೇಂದ್ರಕ್ಕೆ ಹೋಗಬೇಕಾಗಬಹುದು. ಜಾಮೀನು ಅರ್ಜಿ ಹಾಕೋ ದಿನವೇ ಇದನ್ನ ಕಕ್ಷಿದಾರನ ಮನೆಯವರಿಗೆ ಹೇಳಿ. ಬಾಂಗ್ಲಾದೇಶ, ಮ್ಯಾನ್ಮಾರ್‌ನವರು ಅಂತ ಸಂಶಯ ಬಂದವರ ಗುರುತು ಪರಿಶೀಲನೆಗೆ ಗೃಹ ಸಚಿವಾಲಯ 2025ರಲ್ಲಿ 30 ದಿನದ ಗಡುವು ಹಾಕಿದ ಮೇಲಂತೂ ಸಮಯ ಮೊದಲಿಗಿಂತ ಕಮ್ಮಿ.

ಹೋಲಿಕೆಗೆ ಹಾಂಗ್‌ಕಾಂಗ್ ನೋಡಿ. 1951ರ ಒಪ್ಪಂದ ಅಲ್ಲಿಗೂ ಅನ್ವಯಿಸಲ್ಲ. ಆದರೂ 2004ರಲ್ಲಿ ಅಲ್ಲಿಯ ಅಂತಿಮ ಮೇಲ್ಮನವಿ ನ್ಯಾಯಾಲಯ, ಪ್ರಭಾಕರ್ ಅನ್ನೋ ಶ್ರೀಲಂಕಾ ತಮಿಳನ ಕೇಸಿನಲ್ಲಿ, 'ಯುಎನ್‌ಎಚ್‌ಸಿಆರ್ ಬೇಡ ಅಂದಿದೆ' ಅನ್ನೋದಷ್ಟನ್ನೇ ನಂಬಿ ಕಳಿಸೋ ಹಾಗಿಲ್ಲ, ಸರ್ಕಾರ ತಾನೇ ಕೂತು ವಿಚಾರಿಸಬೇಕು ಅಂದಿತು. ಅಲ್ಲಿಂದ ಬೆಳೆದು 2014ರ ಮಾರ್ಚ್‌ನಲ್ಲಿ ಒಂದೇ ಕಿಟಕಿಯ ವಿಚಾರಣಾ ವ್ಯವಸ್ಥೆ ಬಂತು: ಲಿಖಿತ ತೀರ್ಮಾನ, 14 ದಿನದೊಳಗೆ ಮಂಡಳಿಗೆ ಮೇಲ್ಮನವಿ, ಆಮೇಲೆ ಮೂರು ತಿಂಗಳೊಳಗೆ ಹೈಕೋರ್ಟಿನ ಅನುಮತಿ ಕೇಳಿ ನ್ಯಾಯಾಂಗ ಪರಿಶೀಲನೆ. ಗೆಲ್ಲೋರು ಅಲ್ಲೂ ಬೆರಳೆಣಿಕೆ. ಆದರೆ ಸೋತವನ ಕೈಯಲ್ಲಿ ಯಾಕೆ ಸೋತೆ ಅನ್ನೋ ಕಾಗದ ಇರುತ್ತೆ. ನಮ್ಮಲ್ಲಿ ರಿಟ್ ಹಾಕೋದೇ ಆ ಕಾಗದಕ್ಕೆ. ಪ್ರಭಾಕರ್ ತೀರ್ಪನ್ನ ಇಲ್ಲಿ ಓದೋಕೆ ಅಡ್ಡಿ ಇಲ್ಲ. ಎಫ್‌ಆರ್‌ಆರ್‌ಒ ಆಕ್ಷೇಪಣೆಯಲ್ಲಿ 'ಯುಎನ್‌ಎಚ್‌ಸಿಆರ್ ತಿರಸ್ಕರಿಸಿದೆ' ಅಂತಷ್ಟೇ ಇದ್ದರೆ ಸರಿಯಾದ ಜಾಗಕ್ಕೇ ಬಡಿಯುತ್ತೆ.

ಖರ್ಚು. ಕೋರ್ಟ್ ಫೀ ಹೊರೆ ಅಲ್ಲ, ವಕೀಲರ ಫೀಸು, ಅನುವಾದ, ಜೆರಾಕ್ಸ್ ಹೊರೆ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ 'ಪ್ರಜೆ' ಅನ್ನಲ್ಲ, 'ವ್ಯಕ್ತಿ' ಅನ್ನುತ್ತೆ. ಹೆಂಗಸರು, ಮಕ್ಕಳು, ಬಂಧನದಲ್ಲಿ ಇರೋರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ಸಹಾಯವಾಣಿ 15100, ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ. ಹೈಕೋರ್ಟಿಗೇ ಪ್ರತ್ಯೇಕ ಸಮಿತಿ ಇದೆ. ಇಲ್ಲಿಯ ಕೊರತೆ ದುಭಾಷಿ. ಅದೇ ಸಮುದಾಯದ ಪರಿಚಯಸ್ಥನನ್ನ ಕೂರಿಸ್ಕೊಳ್ಳೋದು ಸುಲಭ ಅನ್ನಿಸುತ್ತೆ, ಆದರೆ ಹೆಣ್ಣುಮಗಳೊಬ್ಬಳು ಅತ್ಯಾಚಾರದ ಮಾತನ್ನ ಊರಿನವನ ಎದುರು ಹೇಳಲ್ಲ, ಆ ಮಾತು ಅರ್ಜಿಗೆ ಬರಲ್ಲ, ಆಮೇಲೆ ಬಂದಾಗ 'ಮೊದಲೇ ಯಾಕೆ ಹೇಳಲಿಲ್ಲ' ಅಂತ ಕೇಳ್ತಾರೆ.

ಯಾರಿಗೆ ಈ ದಾರಿ ಬೇಡ? ವೀಸಾ ಮುಗಿದು ಉಳಿದಿದ್ದಾರೆ, ಊರಲ್ಲಿ ಭಯ ಏನಿಲ್ಲ ಅಂದರೆ ದಂಡ ಕಟ್ಟಿ ಎಕ್ಸಿಟ್ ಪರ್ಮಿಟ್ ತಗೊಳ್ಳೋದು ಜಾಣತನ. ಸುಳ್ಳು ಭಯ ಹೇಳಿ ರಿಟ್ ಹಾಕಿದರೆ ಮತ್ತೆ ವೀಸಾ ಸಿಗೋದು ದೂರದ ಮಾತು. ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ನೋಂದಾಯಿತ ಟಿಬೆಟನ್ನರಿಗೆ, 2015ರ ಜನವರಿ 9ರವರೆಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರಿಗೆ, ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2024ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ 2025ರ ವಿನಾಯಿತಿ ಆದೇಶ ಇದೆ. ಅವರು ಮೊದಲು ಆ ಆದೇಶ ತೋರಿಸಬೇಕು. ಅದೇ ಅಫ್ಘಾನಿಸ್ತಾನದಿಂದ ಬಂದ ಹಜಾರಾ ಮುಸ್ಲಿಮನಿಗೆ, ಮ್ಯಾನ್ಮಾರ್‌ನವನಿಗೆ, ಸುಡಾನಿನವನಿಗೆ ಆ ಪಟ್ಟಿಯಲ್ಲಿ ಜಾಗ ಇಲ್ಲ. ಅವರಿಗೇ ಈ ರಿಟ್.

ಆದೇಶ ಸಿಕ್ಕ ದಿನದ ಕೆಲಸ ಇನ್ನೂ ಇದೆ. ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ, ಆದರೆ ಅದಕ್ಕೆ ಕಾಯಬೇಡಿ. ವೆಬ್‌ಸೈಟಿಗೆ ಬಂದ ಪ್ರತಿಯ ಜೊತೆ ವಕೀಲರ ಪತ್ರ ಇಟ್ಟು ಎಫ್‌ಆರ್‌ಆರ್‌ಒಗೆ, ಠಾಣೆಗೆ, ಹಿಡಿದಿಟ್ಟಿರೋ ಕೇಂದ್ರಕ್ಕೆ ಅಂದೇ ಇ-ಮೇಲ್ ಮಾಡಿ. ಸಾಧ್ಯವಾದರೆ ಶಾಂತಿನಗರಕ್ಕೆ ಕೈಯಾರೆ ಒಯ್ದು ಕೊಡಿ. ದೇವನಹಳ್ಳಿಯ ಇಮಿಗ್ರೇಷನ್ ಕೌಂಟರ್‌ನಲ್ಲಿ ರಾತ್ರಿ ಎರಡು ಗಂಟೆಗೆ ಕೂತಿರೋ ಅಧಿಕಾರಿಗೆ ಹೈಕೋರ್ಟಿನ ಕಾಸ್ ಲಿಸ್ಟ್, ಅಂದ್ರೆ ಆ ದಿನದ ಕೇಸುಗಳ ಪಟ್ಟಿ, ಗೊತ್ತಿರಲ್ಲ. ಕಕ್ಷಿದಾರನ ಜೇಬಲ್ಲೂ ಒಂದು ಪ್ರತಿ ಇರಲಿ, ಕೇಸ್ ನಂಬರ್ ಮೇಲೆ ಕೆಂಪು ಪೆನ್ನಿನ ಗೆರೆ ಹಾಕಿ, ವಕೀಲರ ಮೊಬೈಲ್ ನಂಬರ್ ಪಕ್ಕದಲ್ಲಿ ಬರೆದು. ಏಕಸದಸ್ಯ ಪೀಠದಲ್ಲಿ ಅರ್ಜಿ ವಜಾ ಆಗಿದ್ದರೆ ರಿಟ್ ಅಪೀಲಿಗೆ 30 ದಿನ ಇದೆ ಅಂತ ನೆಮ್ಮದಿಯಿಂದ ಕೂರೋ ಹಾಗಿಲ್ಲ; ಆ 30 ದಿನದಲ್ಲಿ ತಡೆ ಅನ್ನೋದು ಇರಲ್ಲ. ವಜಾ ಅಂತ ಹೇಳಿದ ಕ್ಷಣವೇ, ಪೀಠ ಮುಂದಿನ ಕೇಸು ಕರೆಯೋ ಮುಂಚೆ, ಎರಡು ವಾರದ ಮಟ್ಟಿಗೆ ಮಧ್ಯಂತರ ರಕ್ಷಣೆ ಮುಂದುವರಿಸಿ ಅಂತ ಕೇಳಿ.